ಡೆಲ್ಫ್ಟ್ ಹುಡುಗರ ಮೊದಲ ರೆಕಾರ್ಡು

ನೆದರ್‌ಲೆಂಡ್ಸಿನ ಡೆಲ್ಫ್ಟ್ ಎಂದರೆ ಪ್ರವಾಸಿಗರಿಗೆ ನೀಲಿ ಚಿತ್ತಾರದ ಪಿಂಗಾಣಿ, ವರ್ಮೀರನ ಚಿತ್ರಗಳು. ನಮ್ಮಂಥವರಿಗೆ ತಾಂತ್ರಿಕ ವಿಶ್ವವಿದ್ಯಾಲಯ; ಧಾರವಾಡದಿಂದ ನಾನು ಬಂದದ್ದೂ ಅದಕ್ಕೇ. ಆದರೆ ಈ ಊರನ್ನು ನನಗೆ ಹತ್ತಿರ ಮಾಡಿದ್ದು ಆಲ್ಕ್ವಿನ್ ಎಂಬ ಬ್ಯಾಂಡಿನ ಮೊದಲ ಆಲ್ಬಂ ‘ಮಾರ್ಕ್ಸ್’. 1972ರಲ್ಲಿ ಪಾಲಿಡೋರ್ ಕಂಪನಿ ಅದನ್ನು ಹೊರತಂದಿತು. ಬೇಸಿಗೆಯ ಶನಿವಾರಗಳಂದು ಕಾಲುವೆ ದಂಡೆಯಲ್ಲಿ ಹಳೇ ಸಾಮಾನಿನ ಸಂತೆ ಕೂಡುತ್ತದೆ. ನನಗದು ಸಿಕ್ಕಿದ್ದು ಅಲ್ಲೇ, ಅಂಚು ಸವೆದ ರಟ್ಟಿನ ಹೊದಿಕೆಯಲ್ಲಿ.

ಬ್ಯಾಂಡು ಹುಟ್ಟಿದ್ದು ಡೆಲ್ಫ್ಟಿನ ವಿದ್ಯಾರ್ಥಿ ಬಳಗದಲ್ಲಿ. ಮೊದಲ ಹೆಸರು ‘ಥ್ರೆಶೋಲ್ಡ್ ಫಿಯರ್’. ನುಡಿಸುತ್ತಿದ್ದದ್ದು ರಿದಮ್ ಅಂಡ್ ಬ್ಲೂಸ್ ಮತ್ತು ಸೋಲ್. ಸೋಲ್ ಎಂದರೆ ಅಮೆರಿಕದ ಕಪ್ಪು ಜನರ ಚರ್ಚಿನ ಹಾಡುಗಾರಿಕೆ ಬೀದಿಗಿಳಿದು, ಕುಣಿತದ ತಾಳ ಕಟ್ಟಿಕೊಂಡ ಸಂಗೀತ. ಅದಕ್ಕೆ ಊದುವ ವಾದ್ಯಗಳು ಬೇಕೇ ಬೇಕು. 1971ರ ಹೊತ್ತಿಗೆ ಹುಡುಗರು ಹೆಸರನ್ನೂ ದಾರಿಯನ್ನೂ ಬದಲಿಸಿ, ಜಾಸ್ ಬೆರೆತ ಉದ್ದುದ್ದ ರಾಕ್ ಕಡೆ ಹೊರಳಿದರು. ಆದರೆ ಸ್ಯಾಕ್ಸೊಫೋನುಗಳನ್ನು ಕೈಬಿಡಲಿಲ್ಲ. ಈ ಆಲ್ಬಮ್ಮಿನ ಜೀವ ಇರುವುದೇ ಅಲ್ಲಿ ಎಂಬುದು ನನ್ನ ಅಂದಾಜು.

ರೊನಾಲ್ಡ್ ಒಟ್ಟೆನ್‌ಹಾಫ್ ಸ್ಯಾಕ್ಸೊಫೋನ್ ಮತ್ತು ಕೊಳಲು. ಯೋಬ್ ಟಾರೆನ್ಸ್ಕೇನ್ ಸ್ಯಾಕ್ಸೊಫೋನ್ ಮತ್ತು ಹಾಡುಗಾರಿಕೆ. ಗಿಟಾರಿನ ಫರ್ಡಿನಾಂಡ್ ಬಾಕ್ಕರ್ ಪಿಟೀಲನ್ನೂ ಹಿಡಿಯುತ್ತಿದ್ದರು. ಆರ್ಗನ್ನಿಗೆ ಡಿಕ್ ಫ್ರಾನ್ಸನ್, ಬೇಸ್ ಗಿಟಾರಿಗೆ ಹೈನ್ ಮಾರ್ಸ್, ಡ್ರಮ್ಮಿಗೆ ಪೌಲ್ ವೆಸ್ಟ್ರಾಟೆ. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಕೇಳಿ ಬೆಳೆದ ನನ್ನ ಕಿವಿಗೆ ಇಲ್ಲಿ ಗಮಕಗಳಿಲ್ಲದ್ದು ಮೊದಮೊದಲು ಬೋಳು ಅನ್ನಿಸಿತ್ತು. ಆಮೇಲೆ ಗೊತ್ತಾಯಿತು, ಇಲ್ಲಿ ಆ ವಾದ್ಯ ಒಂಟಿಯಾಗಿ ಮೆರೆಯುವುದಿಲ್ಲ, ಆರ್ಗನ್ನಿನ ಜತೆ ಮಾತಿಗೆ ಕೂರುತ್ತದೆ. ಹಾಡುಗಾರಿಕೆ ಕಡಿಮೆ, ವಾದ್ಯಗಳದ್ದೇ ದರಬಾರು. ‘ಐ ವಿಶ್ ಐ ಕುಡ್’ ಎಂಬ ರಚನೆಯಂತೂ ಹತ್ತು ನಿಮಿಷ ದಾಟುತ್ತದೆ; ಮೆಲ್ಲಗೆ ಶುರುವಾಗಿ, ಕೇಳುಗನ ತಾಳ್ಮೆ ಪರೀಕ್ಷಿಸಿಯೇ ಮುಂದೆ ಹೋಗುತ್ತದೆ. ಆರಂಭದ ‘ಓರಿಯೆಂಟಲ್ ಜರ್ನಿ’ಯ ಹೆಸರಿಗೆ ಮರುಳಾಗಿ ನಮ್ಮ ರಾಗಗಳನ್ನು ಹುಡುಕಬೇಡಿ. ಪೂರ್ವವೆಂದರೆ ಇಷ್ಟೇ ಎಂದು ಆಗಿನ ಯುರೋಪು ತಿಳಿದಿತ್ತು!

ಇಂಥದ್ದನ್ನು ರೇಡಿಯೋದಲ್ಲಿ ಹಾಕುವುದು ಕಷ್ಟ. ಇದೇ ಊರಿನ ‘ಟೀ ಸೆಟ್’ ಬ್ಯಾಂಡಿನ ‘ಮಾ ಬೆಲ್ ಅಮಿ’ 1970ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಐದನೇ ಸ್ಥಾನ ಮುಟ್ಟಿತ್ತು. ಅದು ಮೂರೇ ನಿಮಿಷದ, ಸಲೀಸಾಗಿ ಗುನುಗಬಹುದಾದ ಹಾಡು. ‘ಮಾರ್ಕ್ಸ್’ಗೆ ಆ ಭಾಗ್ಯ ಬರಲಿಲ್ಲ. ಆದರೂ ಕಾಲ ಕೂಡಿಬಂದಿತ್ತು: ಡಚ್ಚರದೇ ‘ಫೋಕಸ್’ ಬ್ಯಾಂಡಿನ ವಾದ್ಯಸಂಗೀತ 1973ರಲ್ಲಿ ಬ್ರಿಟನ್, ಅಮೆರಿಕ ಎರಡೂ ಕಡೆ ಗೆದ್ದಿತು. ಅದೇ ವರ್ಷ ಆಲ್ಕ್ವಿನ್‌ನ ಎರಡನೇ ಆಲ್ಬಂ ‘ದಿ ಮೌಂಟನ್ ಕ್ವೀನ್’ ಬಂತು. ಅದರ ನಿರ್ಮಾಪಕ ಡೆರೆಕ್ ಲಾರೆನ್ಸ್, ‘ಡೀಪ್ ಪರ್ಪಲ್’ನ ಮೊದಮೊದಲ ಆಲ್ಬಮ್ಮುಗಳನ್ನು ರೂಪಿಸಿದವರು. ರಸಿಕರು ಇಂದಿಗೂ ಹೊಗಳುವುದು ಈ ಎರಡನೆಯದನ್ನೇ. ಬ್ಯಾಂಡು 1977ರಲ್ಲಿ ಚದುರಿತು, 2003ರಲ್ಲಿ ಮತ್ತೆ ಸೇರಿತು.

ನನ್ನ ಮತವಂತೂ ಮೊದಲನೆಯದಕ್ಕೇ. ಎರಡನೆಯದರಲ್ಲಿ ಕಸುಬು ಪಳಗಿದೆ. ಮೊದಲನೆಯದರಲ್ಲಿ ಹುಡುಗರು ಏನಾಗಬೇಕೆಂದು ಇನ್ನೂ ನಿರ್ಧರಿಸಿಲ್ಲ, ಕುಣಿಸುವ ಆಸೆಯೂ ಇದೆ, ಕೂರಿಸಿ ಕೇಳಿಸುವ ಹಟವೂ ಇದೆ. ಕೇಳುವುದಾದರೆ ‘ಸಾಫ್ಟ್ ರಾಯ್ಸ್’ನಿಂದ ಶುರು ಮಾಡಿ. ಉದ್ದದ ‘ಐ ವಿಶ್ ಐ ಕುಡ್’ ಅನ್ನು ರಾತ್ರಿ ಊಟವಾದ ಮೇಲೆ ಇಟ್ಟುಕೊಳ್ಳಿ.