ಮಾವಿನ ಹಣ್ಣಿಗೆ ವಿಕಿರಣ ಚಿಕಿತ್ಸೆ: ಭಯವೆಷ್ಟು, ಫಲವೆಷ್ಟು?

ಧನಕವಡಿಯ ಕನ್ನಡ ಕುಟುಂಬಗಳಿಗೆ ಮಾವಿನ ಕಾಲದಲ್ಲಿ ಎರಡು ಸಂಭ್ರಮಗಳುಂಟು. ಮೊದಲು ರತ್ನಾಗಿರಿ, ದೇವಗಡಗಳ ಹಾಪೂಸು; ಅದರ ಬೆನ್ನಿಗೇ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿಗೆ ಬಂದಿಳಿಯುವ ಕರ್ನಾಟಕದ ಹಾಪೂಸು. ಆದರೆ ಹುಲ್ಲಿನಲ್ಲಿ ಹುದುಗಿಸಿಟ್ಟ ಒಂದು ಡಜನ್ ಕಾಯಿ ಹಣ್ಣಾಗುವಷ್ಟರಲ್ಲಿ ಎರಡು ಮೂರಾದರೂ ಕಪ್ಪು ಚುಕ್ಕೆ ತಳೆದು ಕೊಳೆಯುವುದು ಗೃಹಿಣಿಯರೆಲ್ಲರೂ ಬಲ್ಲ ಸಂಗತಿ. ವಿಕಿರಣವೇ ಇದಕ್ಕೆ ಮದ್ದೆಂದು ಕೆಲವರೂ, ವಿಕಿರಣ ತಾಗಿದ ಹಣ್ಣು ವಿಷವೆಂದು ಕೆಲವರೂ ಹೇಳುತ್ತಾರೆ. ಎರಡು ಮಾತುಗಳನ್ನೂ ಪರೀಕ್ಷಿಸಿ ನೋಡುವುದು ಉಚಿತ.

ಕಪ್ಪು ಚುಕ್ಕೆಗೆ ಮುಖ್ಯ ಕಾರಣ ಚಿಬ್ಬು ರೋಗ. ಇದರ ಶಿಲೀಂಧ್ರವು ಮರದಲ್ಲಿ ಹೂವು, ಎಳೆಗಾಯಿಗಳಿದ್ದಾಗಲೇ ತಗುಲಿ, ಸಿಪ್ಪೆಯೊಳಗೆ ಸುಪ್ತವಾಗಿದ್ದು, ಕಾಯಿ ಹಣ್ಣಾದಾಗ ಎಚ್ಚರಗೊಳ್ಳುತ್ತದೆ. ಆದ್ದರಿಂದಲೇ ಕೊಳ್ಳುವಾಗ ನಿರ್ಮಲವಾಗಿ ಕಂಡ ಕಾಯಿ ಮನೆಯಲ್ಲಿ ಕೆಡುತ್ತದೆ. ತೊಟ್ಟಿನಿಂದ ಆರಂಭವಾಗುವ ಕೊಳೆ ರೋಗವು ಮತ್ತೊಂದು ಶತ್ರು.

ವಿಕಿರಣ ಚಿಕಿತ್ಸೆಯಲ್ಲಿ ಪೆಟ್ಟಿಗೆಗಳನ್ನು ಸಾಮಾನ್ಯವಾಗಿ ಕೋಬಾಲ್ಟ್-60ರ ಗಾಮಾ ಕಿರಣಗಳ ಮುಂದೆ ಹಾಯಿಸುತ್ತಾರೆ. ಹಣ್ಣು ಕೋಬಾಲ್ಟನ್ನು ಮುಟ್ಟುವುದಿಲ್ಲ. ಎಕ್ಸ್-ರೇ ತೆಗೆಸಿಕೊಂಡವರು ಹೇಗೆ ವಿಕಿರಣಶೀಲರಾಗುವುದಿಲ್ಲವೋ ಹಾಗೆಯೇ ಈ ಹಣ್ಣೂ ಆಗುವುದಿಲ್ಲ. 10 ಕಿಲೋಗ್ರೇವರೆಗಿನ ಸರಾಸರಿ ಪ್ರಮಾಣ ಪಡೆದ ಆಹಾರದಿಂದ ವಿಷಬಾಧೆಯಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿದ್ದ ಜಂಟಿ ತಜ್ಞ ಸಮಿತಿಯು 1980ರಲ್ಲಿ ತೀರ್ಮಾನಿಸಿತು. ಮಾವಿಗೆ ಬೇಕಾಗುವುದು ಅದರಲ್ಲಿ ಒಂದು ಅಲ್ಪಾಂಶ ಮಾತ್ರ.

ನಮ್ಮ ರಾಜ್ಯದ ನಾಸಿಕ ಜಿಲ್ಲೆಯ ಲಾಸಲಗಾಂವದಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ 'ಕೃಷಕ್' ಸ್ಥಾವರವು 2002ರಲ್ಲಿ ಆರಂಭವಾಯಿತು. ಈರುಳ್ಳಿಯ ಮೊಳಕೆ ತಡೆಯುವುದು ಅದರ ಮೂಲ ಉದ್ದೇಶ. 2007ರಲ್ಲಿ ಅಲ್ಲಿಯೇ ಚಿಕಿತ್ಸೆ ಪಡೆದ ಮಾವು ಅಮೆರಿಕಕ್ಕೆ ಹೋಯಿತು. ಆದರೆ ಆ ದೇಶವು ವಿಧಿಸಿದ 0.4 ಕಿಲೋಗ್ರೇ ಕನಿಷ್ಠ ಪ್ರಮಾಣವು ಓಟೆಹುಳು, ಹಣ್ಣುನೊಣ ಮೊದಲಾದ ಕೀಟಗಳ ಸಂತತಿ ಬೆಳೆಯದಂತೆ ಮಾಡಲು; ಕೊಳೆ ರೋಗಕ್ಕಲ್ಲ.

ಇಲ್ಲಿಯೇ ವಿಷಯದ ಮರ್ಮವಿದೆ. ಕೀಟಕ್ಕೆ ಸಾಕಾಗುವ ಪ್ರಮಾಣ ಶಿಲೀಂಧ್ರಕ್ಕೆ ಸಾಲದು. ಅದನ್ನು ಅಡಗಿಸುವಷ್ಟು ಏರಿಸಿದರೆ, ಅಂದರೆ ಸುಮಾರು 1 ಕಿಲೋಗ್ರೇ ಮೀರಿದರೆ, ಅನೇಕ ತಳಿಗಳಲ್ಲಿ ಸಿಪ್ಪೆ ಸುಟ್ಟಂತಾಗಿ ತಿರುಳಿಗೂ ಹಾನಿಯಾಗುತ್ತದೆ. ರೋಗಕ್ಕಿಂತ ಮದ್ದೇ ಘೋರ! ಆದ್ದರಿಂದ ವಿಜ್ಞಾನಿಗಳು ಮಧ್ಯಮ ಮಾರ್ಗವನ್ನು ಕಂಡುಕೊಂಡರು: ಮೊದಲು ಸುಮಾರು 50ರಿಂದ 55 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಕೆಲವೇ ನಿಮಿಷ ಅದ್ದುವುದು, ಅನಂತರ ಮಿತವಾದ ವಿಕಿರಣ ನೀಡುವುದು. ದಕ್ಷಿಣ ಆಫ್ರಿಕದಲ್ಲಿ 1970ರ ದಶಕದಲ್ಲಿಯೇ ಈ ಜೋಡಿ ಚಿಕಿತ್ಸೆಯ ಪ್ರಯೋಗಗಳು ನಡೆದವು. ಶಾಖವು ಶಿಲೀಂಧ್ರವನ್ನು ದುರ್ಬಲಗೊಳಿಸಿದರೆ, ವಿಕಿರಣವು ಹಣ್ಣಾಗುವುದನ್ನೂ ತುಸು ಮುಂದೂಡುತ್ತದೆ.

ಲಾಭನಷ್ಟದ ಲೆಕ್ಕವೂ ಇದನ್ನೇ ಸೂಚಿಸುತ್ತದೆ. ಸಮುದ್ರ ದಾಟುವ ಪೆಟ್ಟಿಗೆಗೆ ಸ್ಥಾವರದ ವೆಚ್ಚ ಸಾರ್ಥಕ. ಧಾರವಾಡದಿಂದ ಪುಣೆಗೆ ಬರುವ ಪೆಟ್ಟಿಗೆಗೆ ತೋಟದ ನೈರ್ಮಲ್ಯ, ತೊಟ್ಟುಸಹಿತ ಕೊಯ್ಲು, ಪೆಟ್ಟಾಗದ ಸಾಗಣೆ ಹಾಗೂ ಬಿಸಿನೀರಿನ ಉಪಚಾರವೇ ಹೆಚ್ಚು ಯೋಗ್ಯ.

ಓದುಗರು ನೆನಪಿಡಬೇಕಾದುದಿಷ್ಟು. ವಿಕಿರಣವು ಕೊಳೆತ ಹಣ್ಣನ್ನು ಒಳ್ಳೆಯದಾಗಿಸದು. ಕೀಟನಾಶಕದ ಶೇಷವನ್ನೂ ತೊಳೆಯದು. ಆದಕಾರಣ ಯಾವ ಹಣ್ಣನ್ನಾದರೂ ತೊಳೆದೇ ತಿನ್ನಬೇಕು. ಮೆತ್ತಗಾಗಿ ಕೊಳೆತುದನ್ನು ಮಕ್ಕಳಿಗೆ ಕೊಡದೆ ಬಿಸಾಡಬೇಕು. ಪೊಟ್ಟಣದ ಮೇಲೆ ವಿಕಿರಣದ ಹಸಿರು ಚಿಹ್ನೆ ಕಂಡರೆ ಹೆದರುವ ಕಾರಣವಿಲ್ಲ; ಅದಿದೆಯೆಂದು ಮೂಗು, ಕಣ್ಣುಗಳ ಪರೀಕ್ಷೆಯನ್ನು ಕೈಬಿಡುವುದೂ ಸಲ್ಲದು.