ಕೈಮರವೂ ಊರೂ

ಹಟ್ಟಿಯಂಗಡಿಯೆಂದರೆ ಪರಸ್ಥಳದವರ ನೆನಪಿಗೆ ಮೊದಲು ಬರುವುದು ಅಲ್ಲಿನ ಶ್ರೀ ಸಿದ್ಧಿವಿನಾಯಕನ ದೇವಸ್ಥಾನ. ಇತಿಹಾಸದಲ್ಲಿ ಆಸಕ್ತಿಯುಳ್ಳವರಾದರೆ ಆಳುಪರ ಹೆಸರನ್ನೂ ಅಲ್ಲಿಯ ಜೈನ ಬಸದಿಯನ್ನೂ ಎತ್ತುವರು. ಕುಂದಾಪುರಕ್ಕೆ ಸಮೀಪವಾಗಿ ವಾರಾಹಿ ನದಿಯ ದಡದಲ್ಲಿರುವ ಈ ಹಳೆಯ ಊರಿಗೂ ಕಂಪ್ಯೂಟರಿನ ಗೇಮುಗಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿಷ್ಟೆ: ಆ ಊರಿನಲ್ಲಿ ನನ್ನ ತಂಗಿಯ ಮನೆಯಿದೆ, ಅವಳ ಮಗ ಕುಂದಾಪುರದ ಕಾಲೇಜಿನಲ್ಲಿ ಓದುತ್ತಾನೆ, ಓದಿನಿಂದ ಉಳಿದ ಹೊತ್ತನ್ನೆಲ್ಲ ಅವನು ಗೇಮಿಗೆ ಸಲ್ಲಿಸುತ್ತಾನೆ. ಕಳೆದ ಮಳೆಗಾಲದ ಆರಂಭದಲ್ಲಿ ನಾನು ಅಲ್ಲಿಗೆ ಹೋದಾಗ ಆ ಮನೆಯಲ್ಲಿ ಸಾವು ಸಂಭವಿಸಿದಂಥ ಮೌನವಿತ್ತು. ಹುಡುಗ ಜಗಲಿಯ ಮೂಲೆಯಲ್ಲಿ ಕುಳಿತಿದ್ದ. ಏನೆಂದು ಕೇಳಿದರೆ, "ಮಾವ, ಎಲ್ಲಾ ಹೋಯ್ತ್ ಕಾಣಿ" ಎಂದಷ್ಟೇ ಹೇಳಿದ.

ಹೋದದ್ದೇನು, ಹೇಗೆ ಹೋಯಿತು ಎಂಬುದನ್ನು ತಿಳಿಯಲು ನನಗೆ ಮೂರು ದಿನ ಹಿಡಿಯಿತು. ಆ ಮೂರು ದಿನಗಳಲ್ಲಿ ಕಲಿತುದನ್ನು ಇಲ್ಲಿ ಬರೆಯುತ್ತಿದ್ದೇನೆ. ಗೇಮಿನ ವಿಷಯ ತಮಗೆ ಬೇಡವೆನ್ನುವವರಿಗೂ ಇದರಲ್ಲಿ ಕೊಂಚ ಪ್ರಯೋಜನವಿದ್ದೀತು.

ನಮ್ಮ ಕಡೆಯಲ್ಲಿ ಆಟವೆಂದರೆ ಯಕ್ಷಗಾನದ ಬಯಲಾಟ. ಆದುದರಿಂದ ಕಂಪ್ಯೂಟರಿನದನ್ನು ಗೇಮ್ ಎಂದೇ ಕರೆಯುತ್ತೇನೆ. ಅದಕ್ಕೆ ಆಡುವವರೇ ಮಾಡಿಕೊಳ್ಳುವ ಬದಲಾವಣೆಗೆ 'ಮಾಡ್' ಎಂದು ಹೆಸರು. ಇದು ನಮ್ಮ 'ಮಾಡು' ಧಾತುವಿನಿಂದ ಬಂದುದಲ್ಲ. ಮಾಡಿಫಿಕೇಶನ್ ಎಂಬ ಇಂಗ್ಲಿಷ್ ಶಬ್ದದ ಮೊಟಕು ರೂಪ. ಆದರೂ ಅರ್ಥ ಸರಿಹೋಗುತ್ತದೆ. ಬಯಲಾಟದಲ್ಲಿ ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯಗಳು ಮಾತ್ರ. ಮಾತೆಲ್ಲ ವೇಷಧಾರಿಯದು, ಆಯಾ ರಾತ್ರಿಯದು. ಪುಸ್ತಕ ಹಾಗೆಯೇ ಇರುತ್ತದೆ, ಆಟ ದಿನವೂ ಬೇರೆಯಾಗುತ್ತದೆ. ಮಾಡ್ ಕೂಡ ಅಂಥದೇ. ಮೂಲವನ್ನು ಹಾಗೆಯೇ ಇರಿಸಿ ಅದರ ಮೇಲೆ ತನ್ನದೊಂದು ಪದರವನ್ನು ಹಾಸುವುದು.

ಇದನ್ನು ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. 1993ರಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆಯು 'ಡೂಮ್' ಎಂಬ ಗೇಮನ್ನು ಹೊರತಂದಾಗ, ಅದನ್ನು ನಡೆಸುವ ಯಂತ್ರಭಾಗವನ್ನು ಒಂದೆಡೆಯೂ ಚಿತ್ರ, ಶಬ್ದ, ನಕ್ಷೆಗಳನ್ನು ಬೇರೊಂದು ಫೈಲಿನಲ್ಲಿಯೂ ಇರಿಸಿತು. ಆಡುವವರು ತಮ್ಮವೇ ನಕ್ಷೆಗಳನ್ನು ರಚಿಸಿ ಸೇರಿಸಲು ಇದರಿಂದ ದಾರಿಯಾಯಿತು. 1998ರಲ್ಲಿ ವಾಲ್ವ್ ಸಂಸ್ಥೆಯ 'ಹಾಫ್-ಲೈಫ್' ಬಂದಿತು. ಮಿನ್ ಲೆ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ತರುಣರು ಅದರ ಮೇಲೆ ಕಟ್ಟಿದ 'ಕೌಂಟರ್-ಸ್ಟ್ರೈಕ್' 1999ರಲ್ಲಿ ಮಾಡ್ ಆಗಿ ಹುಟ್ಟಿ, 2000ದಲ್ಲಿ ಆ ಸಂಸ್ಥೆಯಿಂದಲೇ ಪ್ರತ್ಯೇಕ ಗೇಮಾಗಿ ಪ್ರಕಟವಾಯಿತು. ಹವ್ಯಾಸಿಯ ಕೈಕೆಲಸ ಮೂಲದಷ್ಟೇ ಪ್ರಸಿದ್ಧಿಗೆ ಬಂದ ಉದಾಹರಣೆಯಿದು.

ನಮ್ಮ ಹುಡುಗನ ಕೆಲಸ ಅಷ್ಟು ದೊಡ್ಡದಲ್ಲ. 'ಯೂರೋ ಟ್ರಕ್ ಸಿಮ್ಯುಲೇಟರ್ 2' ಎಂಬುದೊಂದು ಗೇಮ್. ಝೆಕ್ ದೇಶದ ಪ್ರಾಗ್ ನಗರದ ಎಸ್‌ಸಿಎಸ್ ಸಾಫ್ಟ್‌ವೇರ್ ಅದನ್ನು 2012ರಲ್ಲಿ ಹೊರತಂದಿತು. ಯುರೋಪಿನ ರಸ್ತೆಗಳಲ್ಲಿ ಲಾರಿ ನಡೆಸುವುದೇ ಅದರ ವಸ್ತು. ಅದಕ್ಕೆ ಹವ್ಯಾಸಿಗಳು ಭಾರತದ ಬಸ್ಸುಗಳನ್ನು ಸೇರಿಸಿದರು, ನಮ್ಮ ದೇಶದ ರಸ್ತೆಗಳನ್ನು ಹೋಲುವ ನಕ್ಷೆಗಳನ್ನು ಸೇರಿಸಿದರು. ನಮ್ಮವನು ಅಂಥದೊಂದು ಬಸ್ಸಿಗೆ ಎರಡು ವರ್ಷ ಕುಳಿತು ಬಣ್ಣ ಬಳಿದಿದ್ದ. ನೆತ್ತಿಯ ಮೇಲೆ 'ಕುಂದಾಪುರ – ತಲ್ಲೂರು – ಹಟ್ಟಿಯಂಗಡಿ' ಎಂದು ದುಂಡಾದ ಕನ್ನಡ ಅಕ್ಷರಗಳು. ಚಾಲಕನ ಮುಂದೆ ಗಣಪತಿಯ ಪಟ, ಅದಕ್ಕೊಂದು ಅಬ್ಬಲಿಗೆಯ ದಂಡೆ. ಹಾರನ್ನಿನ ಧ್ವನಿಯನ್ನು ಸಹ ಪೇಟೆಯ ಬಸ್‌ ನಿಲ್ದಾಣದಲ್ಲಿ ನಿಂತು ಫೋನಿನಲ್ಲಿ ಹಿಡಿದು ತಂದದ್ದು. ಜರ್ಮನಿಯ ಹೆದ್ದಾರಿಯಲ್ಲಿ ಆ ಬಸ್ಸು ಓಡುವುದನ್ನು ಅವನು ಹಿಂದೊಮ್ಮೆ ನನಗೆ ತೋರಿಸಿದ್ದ. ನಕ್ಕಿದ್ದೆ, ಆದರೆ ಆ ಅಕ್ಷರಗಳನ್ನು ನೋಡಿ ಮನಸ್ಸು ತುಂಬಿತ್ತೆಂಬುದನ್ನೂ ಒಪ್ಪಿಕೊಳ್ಳಬೇಕು.

ಇನ್ನು ತೊಂದರೆಯ ವಿಚಾರ. ಮಾಡ್‌ಗಳು ಬಹಳ ಸ್ಥಳವನ್ನು ತಿನ್ನುತ್ತವೆ. ಒಂದೊಂದು ನಕ್ಷೆಯೂ ಹಲವಾರು ಜಿಬಿ. ಬಳಿಕ 'ಸ್ಕೈರಿಮ್' ಎಂಬ 2011ರ ಇನ್ನೊಂದು ಗೇಮಿನ ಮಾಡ್‌ಗಳೂ ಬಂದವು. ಮನೆಯ ಕಂಪ್ಯೂಟರಿನೊಳಗೆ 240 ಜಿಬಿಯ ಒಂದು ಎಸ್‌ಎಸ್‌ಡಿ, 1 ಟಿಬಿಯ ಒಂದು ಹಾರ್ಡ್ ಡಿಸ್ಕ್; ಹೊರಗೆ ತಂತಿಯಿಂದ ಜೋಡಿಸಿದ 2 ಟಿಬಿಯ ಮತ್ತೊಂದು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗಗಳಿಲ್ಲ, ಅದು ಶೀಘ್ರ, ಬೆಲೆಯೂ ಹೆಚ್ಚು. ಹಾರ್ಡ್ ಡಿಸ್ಕಿನಲ್ಲಿ ತಟ್ಟೆಯು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ, ನಿಧಾನ, ಆದರೆ ಅಗ್ಗ. ವಿಂಡೋಸ್ ಕಂಪ್ಯೂಟರುಗಳಲ್ಲಿ ಇವಕ್ಕೆ ಅಕ್ಷರಗಳೇ ಹೆಸರು. 'ಎ', 'ಬಿ' ಎಂಬವು ಹಿಂದಿನ ಫ್ಲಾಪಿಗಳಿಗೆ ಮೀಸಲಾದುದರಿಂದ ಮೊದಲನೆಯದಕ್ಕೆ 'ಸಿ' ಎಂದಾಯಿತು. ಮೇಲೆ ಹೇಳಿದ ಲಾರಿಯ ಗೇಮನ್ನು ಯಾವ ಡಿಸ್ಕಿನಲ್ಲಿಟ್ಟರೂ ಮಾಡ್‌ಗಳನ್ನು ಮಾತ್ರ ಅದು 'ಡಾಕ್ಯುಮೆಂಟ್ಸ್' ಫೋಲ್ಡರಿನಲ್ಲಿ ಹುಡುಕುತ್ತದೆ. ಆ ಫೋಲ್ಡರು ಸಾಮಾನ್ಯವಾಗಿ 'ಸಿ'ಯಲ್ಲಿರುತ್ತದೆ. ಅತ್ಯಂತ ಇಕ್ಕಟ್ಟಾದ ಕೋಣೆಯಲ್ಲಿಯೇ ಅತ್ಯಂತ ದೊಡ್ಡ ಸಾಮಾನನ್ನು ಇರಿಸಬೇಕಾದ ಪರಿಸ್ಥಿತಿ!

ಇದಕ್ಕೆ ಪರಿಹಾರವುಂಟು. ಸಾಮಾನನ್ನು ಬೇರೆ ಡಿಸ್ಕಿನಲ್ಲಿರಿಸಿ, ಅದು ಇರಬೇಕಾದ ಸ್ಥಳದಲ್ಲಿ ಒಂದು ಕೊಂಡಿಯನ್ನು ಇಡುವುದು. ಕೊಂಡಿಗಳಲ್ಲಿ ಎರಡು ಬಗೆ. ಒಂದು, ಒಬ್ಬನಿಗೇ ಎರಡು ಹೆಸರಿರುವಂತೆ. ಒಂದೇ ಫೈಲು, ನಾಮಗಳೆರಡು. ಒಂದು ಹೆಸರನ್ನು ಅಳಿಸಿದರೂ ಫೈಲು ಉಳಿಯುತ್ತದೆ, ಕೊನೆಯ ಹೆಸರೂ ಅಳಿದಾಗ ಮಾತ್ರ ಹೋಗುತ್ತದೆ. ಇದಕ್ಕೆ ಹಾರ್ಡ್ ಲಿಂಕ್ ಎನ್ನುತ್ತಾರೆ. ಆದರೆ ಎರಡೂ ಹೆಸರುಗಳು ಒಂದೇ ಊರಿನ ದಫ್ತರದಲ್ಲಿರಬೇಕು. ಒಂದು ಡ್ರೈವಿನಿಂದ ಇನ್ನೊಂದಕ್ಕೆ ಇದು ದಾಟಲಾರದು. ಇನ್ನೊಂದು ಬಗೆಯದು ರಸ್ತೆಯ ಕೈಮರದಂತೆ: 'ಇಲ್ಲಿಲ್ಲ, ಅಲ್ಲಿದೆ' ಎಂದು ಬೆರಳು ತೋರಿಸುತ್ತದೆ. ವಿಂಡೋಸ್ 2000ದಲ್ಲಿ ಬಂದ ಜಂಕ್ಷನ್, ವಿಂಡೋಸ್ ವಿಸ್ಟಾದಲ್ಲಿ ಬಂದ ಸಿಂಬಾಲಿಕ್ ಲಿಂಕ್ ಇವೆರಡೂ ಈ ಜಾತಿಯವು. ಇವು ಡ್ರೈವುಗಳನ್ನು ದಾಟಬಲ್ಲವು. ಪೆನ್‌ಡ್ರೈವ್ ಮೊದಲಾದವುಗಳಲ್ಲಿ ಸಾಮಾನ್ಯವಾದ ಎಕ್ಸ್‌ಫ್ಯಾಟ್ ಪದ್ಧತಿಯ ಮೇಲೆ ಮಾತ್ರ ಈ ಎರಡು ಬಗೆಯ ಕೊಂಡಿಗಳನ್ನೂ ನಿರ್ಮಿಸಲಾಗುವುದಿಲ್ಲ.

ಮಾಡ್‌ಗಳನ್ನು ನೋಡಿಕೊಳ್ಳಲೆಂದೇ ಇರುವ ತಂತ್ರಾಂಶಗಳೂ ಈ ನಿಯಮಗಳಿಗೆ ಹೊರತಲ್ಲ. 'ವೋರ್ಟೆಕ್ಸ್' ಎಂಬುದು ರೂಢಿಯಲ್ಲಿ ಹಾರ್ಡ್ ಲಿಂಕ್‌ಗಳನ್ನು ಬಳಸುವುದರಿಂದ ಅದರ ಉಗ್ರಾಣವೂ ಗೇಮೂ ಒಂದೇ ಡ್ರೈವಿನಲ್ಲಿರಬೇಕು. 'ಮಾಡ್ ಆರ್ಗನೈಸರ್' ಎಂಬುದು ಗೇಮಿನ ಫೋಲ್ಡರನ್ನು ಮುಟ್ಟದೆ, ಗೇಮ್ ನಡೆಯುವಷ್ಟು ಹೊತ್ತು ಮಾತ್ರ ಮಾಡ್‌ಗಳೆಲ್ಲ ಅಲ್ಲಿಯೇ ಇರುವಂತೆ ತೋರಿಸುತ್ತದೆ. ಅದರ ಉಗ್ರಾಣ ಬೇರೆ ಡ್ರೈವಿನಲ್ಲಿದ್ದರೂ ಬಾಧಕವಿಲ್ಲ. ಇದಲ್ಲದೆ ಮಾಡ್‌ಗಳಿಗೆ ಅನುಕ್ರಮವೆಂಬುದೊಂದಿದೆ. ಒಂದೇ ವಸ್ತುವನ್ನು ಎರಡು ಮಾಡ್‌ಗಳು ಬದಲಿಸಿದರೆ ಯಾವುದಕ್ಕೆ ಅಗ್ರಸ್ಥಾನವೋ ಅದೇ ಕಾಣಿಸುತ್ತದೆ. ಪಾಠಾಂತರಗಳಲ್ಲಿ ಯಾವುದನ್ನು ಮೂಲದಲ್ಲಿರಿಸಬೇಕು, ಯಾವುದನ್ನು ಅಡಿಟಿಪ್ಪಣಿಗೆ ಇಳಿಸಬೇಕು ಎಂದು ಗ್ರಂಥಸಂಪಾದಕನು ನಿರ್ಧರಿಸುವಂತೆ ಇಲ್ಲಿ ಆಡುವವನೇ ನಿರ್ಧರಿಸಬೇಕಾಗುತ್ತದೆ. ನೂರು ಮಾಡ್‌ಗಳಿದ್ದಲ್ಲಿ ಆ ಪಟ್ಟಿಯೇ ಒಂದು ಗಳಿಕೆ.

ನಮ್ಮ ಹುಡುಗನಿಗೆ ಇವೆಲ್ಲ ತಿಳಿದಿತ್ತು. ಮಾಡ್‌ಗಳನ್ನೆಲ್ಲ, ಅಂದರೆ 280 ಜಿಬಿಯಷ್ಟನ್ನು, ಹೊರಗಿನ ಡಿಸ್ಕಿಗೆ ಸಾಗಿಸಿ 'ಸಿ'ಯಲ್ಲಿ ಒಂದು ಕೈಮರವನ್ನು ನೆಟ್ಟಿದ್ದ. ಅವನು ಅಜಾಗರೂಕನೂ ಅಲ್ಲ. ಪ್ರತಿ ಭಾನುವಾರ 'ಡಾಕ್ಯುಮೆಂಟ್ಸ್' ಫೋಲ್ಡರಿನ ಪ್ರತಿಯೊಂದನ್ನು ಒಳಗಿನ ಹಾರ್ಡ್ ಡಿಸ್ಕಿಗೆ ತೆಗೆಯುವ ಏರ್ಪಾಡು ಮಾಡಿದ್ದ. ಪ್ರತಿವಾರವೂ 'ಪೂರ್ಣಗೊಂಡಿದೆ' ಎಂಬ ಉತ್ತರ ಬರುತ್ತಿತ್ತು. ಮಳೆಗಾಲ ಕಾಲಿಟ್ಟ ವಾರ, ಗುಡುಗು ಮಿಂಚಿನ ಒಂದು ರಾತ್ರಿ, ಕರೆಂಟು ಹೋಯಿತು, ಬಂದಿತು, ಮತ್ತೆ ಹೋಯಿತು. ಬೆಳಿಗ್ಗೆ ಹೊರಗಿನ ಡಿಸ್ಕು ಏಳಲಿಲ್ಲ. ಹುಡುಗ ಹೆದರಲಿಲ್ಲ, ಪ್ರತಿಯಿದೆಯಲ್ಲ! ಅದನ್ನು ತೆರೆದು ನೋಡಿದ. ಪ್ರತಿ ತೆಗೆಯುವ ಸಾಧನವು ಕೈಮರವನ್ನು ಕೈಮರವಾಗಿಯೇ ನಕಲು ಮಾಡಿತ್ತು. ವಾರವಾರವೂ ಅದು ಶ್ರದ್ಧೆಯಿಂದ ಕಾಪಾಡಿದ್ದು, ಈಗಿಲ್ಲದ ಊರಿನ ದಿಕ್ಕನ್ನು ತೋರಿಸುವ ಒಂದು ಹಲಗೆಯನ್ನು.

"ಅಷ್ಟೂ ಹೋಯಿತೆ?" ಎಂದು ಕೇಳಿದೆ. ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಹೋದ 280 ಜಿಬಿಯಲ್ಲಿ ಬಹುಭಾಗ ಇಂಟರ್ನೆಟ್ಟಿನಿಂದ ಇಳಿಸಿಕೊಂಡದ್ದು. ಅದನ್ನು ಮತ್ತೆ ಇಳಿಸಿಕೊಳ್ಳಬಹುದು. ಹೊತ್ತು ಹೋಗುತ್ತದೆ, ಅಷ್ಟೆ. ಎರಡನೆಯ ಬಗೆಯವು ಮೊದಲು ಸಿಗುತ್ತಿದ್ದು ಈಗ ದುರ್ಲಭವಾದವು. ಕರ್ತೃಗಳು ಬೇಸತ್ತು ತಮ್ಮ ಮಾಡ್‌ಗಳನ್ನು ಹಿಂತೆಗೆದುಕೊಳ್ಳುವುದುಂಟು. 'ನೆಕ್ಸಸ್ ಮಾಡ್ಸ್' ಎಂಬ ದೊಡ್ಡ ಸಂಗ್ರಹವು 2021ರಲ್ಲಿ, ಇನ್ನು ಮುಂದೆ ಫೈಲುಗಳನ್ನು ಪೂರ್ತಿಯಾಗಿ ಅಳಿಸುವುದಿಲ್ಲ, ದಾಸ್ತಾನಿನಲ್ಲಿ ಉಳಿಸಿಕೊಳ್ಳುತ್ತೇವೆಂದು ಸಾರಿದಾಗ ಕರ್ತೃಗಳಲ್ಲಿ ಹಲವರು ಸಿಟ್ಟಾದರು. ಮೂಲ ಗೇಮೇ ಬದಲಾಗುವುದೂ ಉಂಟು. ಅದೇ ವರ್ಷದ ನವೆಂಬರಿನಲ್ಲಿ ಸ್ಕೈರಿಮ್ ಪರಿಷ್ಕರಣಗೊಂಡಾಗ ಎಷ್ಟೋ ಮಾಡ್‌ಗಳು ಕೆಲಸ ಮಾಡದೆ ನಿಂತವು. ಹಳೆಯ ಪ್ರತಿಗಳನ್ನು ಇರಿಸಿಕೊಂಡವರು ಮಾತ್ರ ನಿಶ್ಚಿಂತರಾಗಿದ್ದರು. ಮೂರನೆಯದು ಅವನು ಸ್ವತಃ ಮಾಡಿದ್ದು: ಬಸ್ಸಿನ ಬಣ್ಣ, ಅಕ್ಷರಗಳ ಕರಡು, ಹಾರನ್ನಿನ ಧ್ವನಿ, ಅನುಕ್ರಮದ ಪಟ್ಟಿ. ಇದು ಲೋಕದಲ್ಲಿ ಇನ್ನೆಲ್ಲಿಯೂ ಇಲ್ಲ. ಇದರ ತೂಕವೆಷ್ಟು ಎಂದರೆ, ಒಂದು ಜಿಬಿಯೂ ಇಲ್ಲ!

ವಾಚಕರು ಇದನ್ನು ಗಮನಿಸಬೇಕು. ಒಂದು ಸಣ್ಣ ಪೆನ್‌ಡ್ರೈವಿನ ಮೂಲೆಯಲ್ಲಿ ಅಡಗುವಷ್ಟನ್ನು, 280 ಜಿಬಿಯ ರಾಶಿಯೊಳಗೆ ಬೆರೆಸಿಟ್ಟುದರಿಂದ ಅವನು ಕಳೆದುಕೊಂಡ. ಎಲ್ಲವನ್ನೂ ಸಮನಾಗಿ ಕಾಪಾಡಲು ಹೊರಟವನಿಗೆ ಯಾವುದು ತನ್ನದೆಂಬುದು ಕಾಣದೆ ಹೋಯಿತು. ಯಾವುದು ಎಷ್ಟು ದೊಡ್ಡದು, ಯಾವ ಡಿಸ್ಕಿಗೆ ಹಿಡಿಸೀತು ಎಂದೇ ಅವನು ಯೋಚಿಸಿದ್ದ. ಯಾವುದು ಹೋದರೆ ಮರಳಿ ಬಾರದು ಎಂದು ಮೊದಲು ಕೇಳಿಕೊಳ್ಳಬೇಕಾಗಿತ್ತು.

ಇದನ್ನು ಹೇಳಲು ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡೆ. ನನ್ನ ತಂದೆಯವರಿಗೆ ಭಾಗವತಿಕೆಯ ಹವ್ಯಾಸವಿತ್ತು. ಅಚ್ಚಾದ ಪ್ರಸಂಗಗಳಿಗೆ ತಾವೇ ಕಟ್ಟಿ ಸೇರಿಸಿದ ಪದ್ಯಗಳನ್ನೂ, ಯಾವ ಪದ್ಯಕ್ಕೆ ಯಾವ ತಾಳವೆಂಬುದನ್ನೂ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅಚ್ಚಿನ ಪುಸ್ತಕಗಳನ್ನೆಲ್ಲ ನಾನೇ ಒರೆಸಿ ಗಾಜಿನ ಬೀರುವಿನಲ್ಲಿ ಜೋಡಿಸಿದೆ. ಬರೆದ ಪುಸ್ತಕವನ್ನು ಹಳೆಯ ಕಾಗದಗಳೊಡನೆ ಅಟ್ಟಕ್ಕೆ ಏರಿಸಿದೆ. ಅಂಗಡಿಯಲ್ಲಿ ಮರಳಿ ಸಿಗುವುದಕ್ಕೆ ಗಾಜು, ಎಲ್ಲಿಯೂ ಸಿಗದುದಕ್ಕೆ ಒರಲೆ! ಇಪ್ಪತ್ತು ವರ್ಷಗಳ ಬಳಿಕ ಇಳಿಸಿ ನೋಡಿದಾಗ ಓದುವಂತೆ ಉಳಿದಿದ್ದುದು ಹನ್ನೊಂದು ಹಾಳೆಗಳು. ಹುಡುಗನಿಗೆ ಬುದ್ಧಿ ಹೇಳುವ ಅಧಿಕಾರ ನನಗಿರಲಿಲ್ಲ. ಆದುದರಿಂದ ಬುದ್ಧಿಯ ಬದಲು ಈ ಕಥೆಯನ್ನೇ ಹೇಳಿದೆ.

ಕಳೆದುದರಲ್ಲಿ ಕೆಲವಂಶ ಮರಳಿ ಬಂದಿತು. ಹಿಂದಿನ ವರ್ಷ ಬ್ರಹ್ಮಾವರದ ಸ್ನೇಹಿತನೊಬ್ಬನಿಗೆ ಅವನು ಬಸ್ಸನ್ನು ಕಳುಹಿಸಿಕೊಟ್ಟಿದ್ದ. ಆ ಸ್ನೇಹಿತ ಅದನ್ನು ಅಳಿಸಿರಲಿಲ್ಲ. ಒಂದು ವರ್ಷದ ಕೆಲಸ ಉಳಿಯಿತು, ಇನ್ನೊಂದು ವರ್ಷದ್ದು ಹೋಯಿತು. ಉದಾರವಾಗಿ ಹಂಚಿಕೊಂಡುದೇ ಕೊನೆಗೆ ಕಾಪಾಡಿತು.

ಈಗಿನ ಏರ್ಪಾಡು ಹೀಗಿದೆ. ಗೇಮೂ ಸದ್ಯ ಬಳಸುವ ಮಾಡ್‌ಗಳೂ ಶೀಘ್ರವಾದ ಡಿಸ್ಕಿನಲ್ಲಿ. ಇಳಿಸಿಕೊಂಡ ಮೂಲ ಕಟ್ಟುಗಳು ನಿಧಾನದ ಡಿಸ್ಕಿನಲ್ಲಿ, ಒಂದೊಂದರ ಹೆಸರಿನೊಡನೆ ಆವೃತ್ತಿಯ ಸಂಖ್ಯೆಯೂ ದಿನಾಂಕವೂ. ಹೊರಗಿನ ಡಿಸ್ಕನ್ನು ಬೇರೆ ಬೇರೆ ಕ್ರಮದಲ್ಲಿ ಜೋಡಿಸಿದಾಗ ಅದರ ಅಕ್ಷರ ಬದಲಾಗಿ ಕೈಮರಗಳು ದಿಕ್ಕು ತಪ್ಪುವುದುಂಟು. ಆದುದರಿಂದ ಅದಕ್ಕೆ ಅಕ್ಷರಮಾಲೆಯ ಕೊನೆಯ ಒಂದು ಅಕ್ಷರವನ್ನು ಖಾಯಂ ಮಾಡಿದ್ದಾನೆ. ಯಾವ ಕೊಂಡಿ ಎಲ್ಲಿಂದ ಎಲ್ಲಿಗೆ ಎಂಬುದನ್ನೂ ಮಾಡ್‌ಗಳ ಅನುಕ್ರಮವನ್ನೂ ಕಾಗದದ ನೋಟ್‌ಬುಕ್ಕಿನಲ್ಲಿ ಬರೆದಿದ್ದಾನೆ. ಪ್ರತಿ ತೆಗೆದ ಮೇಲೆ ತಿಂಗಳಿಗೊಮ್ಮೆ ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡುತ್ತಾನೆ. 'ಪೂರ್ಣಗೊಂಡಿದೆ' ಎಂಬ ಮಾತನ್ನು ಈಗ ಅವನು ನಂಬುವುದಿಲ್ಲ. ಇನ್ನು 'ಸ್ವಂತದ್ದು' ಎಂಬ ಒಂದು ಸಣ್ಣ ಫೋಲ್ಡರಿದೆ. ಅದರ ಪ್ರತಿಗಳು ಮೂರು: ಒಂದು ಮನೆಯ ಕಂಪ್ಯೂಟರಿನಲ್ಲಿ, ಒಂದು ತಂಗಿಯ ಬೀರುವಿನಲ್ಲಿರುವ ಪೆನ್‌ಡ್ರೈವಿನಲ್ಲಿ, ಒಂದು ಬ್ರಹ್ಮಾವರದ ಆ ಸ್ನೇಹಿತನಲ್ಲಿ.

ದೀಪಾವಳಿಗೆ ಹೋದಾಗ ಬಸ್ಸಿಗೆ ಹೊಸ ಬಣ್ಣ ಬಂದಿತ್ತು. ಅಕ್ಷರಗಳು ಮೊದಲಿನಷ್ಟು ದುಂಡಾಗಿಲ್ಲವೆಂದು ಅವನ ಕೊರಗು. ನನಗೇನೋ ವ್ಯತ್ಯಾಸ ಕಾಣಲಿಲ್ಲ. ನಾನು ಚೀಲದಿಂದ ಆ ಹನ್ನೊಂದು ಹಾಳೆಗಳನ್ನು ತೆಗೆದು ಅವನ ಕೈಗಿತ್ತೆ. ಬೆಳಕಿರುವ ಕಡೆ, ಜಗಲಿಯ ಮೇಲೆ ಅವನ್ನು ಹಾಸಿ, ಒಂದೊಂದನ್ನೂ ಎರಡೆರಡು ಸಲ ಫೋಟೋ ಹಿಡಿದ. "ಇದನ್ನ್ ಎಲ್ಲಿ ಇಡುದ್ ಮಾವ?" ಎಂದು ಕೇಳಿದವನು, ನನ್ನ ಉತ್ತರಕ್ಕೆ ಕಾಯದೆ, 'ಸ್ವಂತದ್ದು' ಎಂಬ ಆ ಫೋಲ್ಡರಿನಲ್ಲಿ ಬಸ್ಸಿನ ಪಕ್ಕದಲ್ಲಿಯೇ ಇರಿಸಿದ.