ಆರು ಲಕ್ಷ ಚೀಲ ತೊಗರಿಯ ಕಾರು

ಕಲಬುರಗಿ ಜಿಲ್ಲೆಯ ನರೋಣಾ ಸುತ್ತಲಿನ ಎರೆ ಹೊಲದಲ್ಲಿ ಎಕರೆಗೆ 4 ಕ್ವಿಂಟಲ್ ತೊಗರಿ ಬಂತೆಂದು ಹಿಡಿಯಿರಿ. 2018-19ರ ಬೆಂಬಲ ಬೆಲೆ ಕ್ವಿಂಟಲಿಗೆ 5,675 ರೂಪಾಯಿ. ಅದೇ 2018ರ ಆಗಸ್ಟ್‌ನಲ್ಲಿ ಅಮೆರಿಕದ ಮಾಂಟೆರೆಯಲ್ಲಿ 1962ರ ಫೆರಾರಿ 250 ಜಿಟಿಒ ಕಾರೊಂದು 4.84 ಕೋಟಿ ಡಾಲರಿಗೆ ಹರಾಜಾಯಿತು. ಅಂದಿನ ದರದಲ್ಲಿ ಸುಮಾರು 340 ಕೋಟಿ ರೂಪಾಯಿ! ಅಂದರೆ ಕ್ವಿಂಟಲ್ ತೂಕದ 6 ಲಕ್ಷ ಚೀಲ ತೊಗರಿ, ಒಂದೂವರೆ ಲಕ್ಷ ಎಕರೆಯ ರಾಶಿ. 10 ಟನ್ನಿನ ಲಾರಿಗೆ ಹೇರಿದರೆ 6,000 ಲಾರಿ ಬೇಕು. ಲಾರಿಗೆ 10 ಮೀಟರಿನಂತೆ ಒಂದರ ಹಿಂದೊಂದು ನಿಲ್ಲಿಸಿದರೆ ಸಾಲು 60 ಕಿ.ಮೀ. ಆಗುತ್ತದೆ, ಕಲಬುರಗಿಯಿಂದ ಹೊರಟು ಆಳಂದವನ್ನೂ ದಾಟಿಬಿಡುತ್ತದೆ.

ಇಷ್ಟು ಕೊಟ್ಟರೆ ಸಿಗುವುದು 900 ಕಿಲೊ ಆಸುಪಾಸಿನ, ಇಬ್ಬರು ಕೂರುವ ಕಾರು. ಅದರ ತೂಕದ ಬಂಗಾರವೇ ಆಗ ಅದಕ್ಕಿಂತ ಅಗ್ಗವಿತ್ತು. 3 ಲೀಟರಿನ 12 ಸಿಲಿಂಡರ್ ಎಂಜಿನ್, ಸುಮಾರು 300 ಅಶ್ವಶಕ್ತಿ. ತಯಾರಾದದ್ದು 36 ಮಾತ್ರ. ಹೊಸದಿದ್ದಾಗ ಅಮೆರಿಕದಲ್ಲಿ ಬೆಲೆ 18,000 ಡಾಲರ್ ಆಸುಪಾಸು. ಹರಾಜಿನ ಹೊತ್ತಿಗೆ ಅದರ 2,700 ಪಟ್ಟು.

ಇದರ ಪ್ರತಿರೂಪ ಮಾಡುವವರು ಬಹುಕಾಲದಿಂದ ಹುಡುಕುವುದು ಜಪಾನಿನ ಹಳೆಯ ಡಟ್ಸನ್ 240ಝಡ್. ಉದ್ದ ಬಾನೆಟ್, ಮೊಟಕು ಹಿಂಭಾಗ, ಅಳತೆ ಹೆಚ್ಚುಕಡಿಮೆ ಅದೇ. ಹೊರತಗಡು ಬಿಚ್ಚಿ ಫೈಬರ್ ಕವಚ ಕೂರಿಸುತ್ತಾರೆ. ಮೂತಿಯ ಮೇಲೆ ಗಾಳಿ ಎಳೆಯುವ ಮೂರು ಅರ್ಧಚಂದ್ರದ ಕಿಂಡಿಗಳನ್ನು ಮರೆಯುವುದಿಲ್ಲ, ಜಿಟಿಒ ಗುರುತೇ ಅದು. ಡಟ್ಸನ್‌ನ ಎಂಜಿನ್ನನ್ನೇ ಉಳಿಸಿಕೊಂಡರೆ ಶಕ್ತಿ ಅಸಲಿಯ ಅರ್ಧ. ಹತ್ತು ಹೆಜ್ಜೆ ದೂರದಿಂದ ನೋಡುವವನಿಗೆ ಆ ಅರ್ಧ ಕಾಣುವುದಿಲ್ಲ.

ಪ್ರತಿರೂಪಗಳ ಲೆಕ್ಕದಲ್ಲಿ ಶೆಲ್ಬಿ ಕೋಬ್ರಾ ಎಂಬ ಕಾರಿನ ಕಥೆ ಇನ್ನೂ ದೊಡ್ಡದು. 1960ರ ದಶಕದಲ್ಲಿ ಹುಟ್ಟಿದ ಅಸಲಿಗಳು ಸಾವಿರದಷ್ಟು, ಪ್ರತಿರೂಪಗಳು ಹತ್ತಾರು ಸಾವಿರ. ಇಂದು ದಾರಿಯಲ್ಲೊಂದು ಕೋಬ್ರಾ ಕಂಡರೆ ಅದು ಪ್ರತಿರೂಪವಾಗಿರುವ ಸಂಭವವೇ ಬಹಳ.

ಹಾಗಾದರೆ 340 ಕೋಟಿ ಯಾವುದಕ್ಕೆ? ವೇಗಕ್ಕಂತೂ ಅಲ್ಲ. 3413 ಎಂಬ ಷಾಸಿ ನಂಬರಿಗೆ, 1962ರಲ್ಲಿ ಆ ಕಾರು ಓಡಿ ಗೆದ್ದ ರೇಸುಗಳಿಗೆ. ಅದನ್ನು ಫೈಬರಿನಲ್ಲಿ ಎರಕ ಹೊಯ್ಯಲಾಗದು. 2019ರಲ್ಲಿ ಇಟಲಿಯ ಬೊಲೋನ್ಯಾ ಕೋರ್ಟು 250 ಜಿಟಿಒ ಒಂದು ಕಲಾಕೃತಿ ಎಂದೇ ಹೇಳಿ, ಅದರ ನಕಲು ಮಾಡಹೊರಟವರನ್ನು ತಡೆಯಿತು. ಅದೇ ವರ್ಷದ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟ್, ತಯಾರಕರು ಕೊಟ್ಟ ಮೂಲ ವಿವರ ಬದಲಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ ಎಂದಿತು. ಹಾಗಾಗಿ ಹಳೆಯ ಕಾರಿಗೆ ಹೊಸ ಮೈ ತೊಡಿಸಿ ಕಲಬುರಗಿಯ ಕೆಎ-32 ನಂಬರಿನಲ್ಲಿ ಓಡಿಸುವುದು ಸುಲಭವಲ್ಲ.

ಆದರೂ ನನ್ನ ಮನಸ್ಸು ವಾಲುವುದು ಪ್ರತಿರೂಪದ ಕಡೆಗೇ. ಅಸಲಿಯ ಬಾಗಿಲಿಗೆ ಒಂದು ಗೀರು ಬಿದ್ದರೆ ಒಡೆಯನ ಎದೆ ಧಸಕ್ಕೆನ್ನುತ್ತದೆ. ಪ್ರತಿರೂಪದವನು ಮಳೆಯಲ್ಲೂ ಹೊರಡುತ್ತಾನೆ, ಪಕ್ಕದ ಮನೆ ಹುಡುಗನನ್ನು ಸ್ಟಿಯರಿಂಗ್ ಮುಂದೆ ಕೂರಿಸುತ್ತಾನೆ, ಕೆಟ್ಟರೆ ತಾನೇ ಸ್ಪ್ಯಾನರ್ ಹಿಡಿದು ಅಡಿಯಲ್ಲಿ ಮಲಗುತ್ತಾನೆ.